ಎಡಿಸ್ಟೋ ದ್ವೀಪದವರ ಬಿನ್ನಹ

ಪರರಾಜ್ಯದೊಡನೆ ನಡೆದ ಯುದ್ಧವು ಮುಗಿದರೆ ಶತ್ರುವು ತನ್ನ ನಾಡಿಗೆ ಹಿಂದಿರುಗುವನು. ಒಂದೇ ನಾಡಿನ ಜನರು ತಮ್ಮೊಳಗೆ ಕಾದಿದ ಅಂತರ್ಯುದ್ಧವು ಹಾಗಲ್ಲ. ಅಲ್ಲಿ ಗೆದ್ದವನೂ ಸೋತವನೂ ಮರುದಿನ ಒಂದೇ ಬಾವಿಯ ನೀರನ್ನು ಸೇದಬೇಕು, ಒಂದೇ ದಾರಿಯಲ್ಲಿ ನಡೆಯಬೇಕು. ಕೋವಿಗಳ ಸದ್ದು ಅಡಗಿದೊಡನೆಯೇ ಸರ್ಕಾರದ ಬಾಗಿಲಿಗೆ ಅರ್ಜಿಗಳು ಬಂದು ಬೀಳತೊಡಗುವುವು: ಕಾಲು ಕಳೆದುಕೊಂಡ ಸಿಪಾಯಿಯದು, ಗಂಡನನ್ನು ಕಳೆದುಕೊಂಡವಳದು, ಮನೆ ಸುಟ್ಟುಹೋದವನದು. ಇಂತಹ ಬಿನ್ನಹಗಳಲ್ಲಿ ಹೆಚ್ಚಿನವು ದಫ್ತರಗಳಲ್ಲಿ ಧೂಳು ಹಿಡಿದು ಹೋಗುವುವು. ಆದರೆ ಅಮೆರಿಕದ ಒಂದು ಸಣ್ಣ ದ್ವೀಪದವರು 1865ರಲ್ಲಿ ಬರೆದ ಬಿನ್ನಹವೊಂದನ್ನು ನಾವು ಓದಿದಂದಿನಿಂದ ಅದು ನಮ್ಮ ಮನಸ್ಸನ್ನು ಬಿಟ್ಟು ಹೋಗಿಲ್ಲ. ಅದರ ವೃತ್ತಾಂತವನ್ನು ನಮ್ಮ ವಾಚಕರ ಮುಂದಿಡಬೇಕೆಂದು ಈ ಲೇಖನವನ್ನು ಬರೆದಿರುವೆವು.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದ ವಿಷಯವನ್ನು ಬಹುಮಂದಿ ಬಲ್ಲರು. ಗುಲಾಮಗಿರಿಯನ್ನು ಉಳಿಸಿಕೊಳ್ಳಬೇಕೆಂಬ ಹಟದಿಂದ ದಕ್ಷಿಣದ 11 ಸಂಸ್ಥಾನಗಳು ಒಕ್ಕೂಟದಿಂದ ಸಿಡಿದು ಹೊರಬಿದ್ದುವು. 6 ಲಕ್ಷಕ್ಕೂ ಹೆಚ್ಚು ಮಂದಿ ಯೋಧರು ಮಡಿದರು. ಕಡೆಗೆ ಒಕ್ಕೂಟವೇ ಗೆದ್ದಿತು, ಸುಮಾರು 40 ಲಕ್ಷ ಮಂದಿ ಕರಿಯ ಜನರು ದಾಸ್ಯದಿಂದ ಬಿಡುಗಡೆ ಹೊಂದಿದರು. ಚರಿತ್ರೆಯ ಪಾಠಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೇ ಮಂಗಳವನ್ನು ಹಾಡಿಬಿಡುವುವು. ಬಿಡುಗಡೆಯಾದವನು ಆ ರಾತ್ರಿ ಯಾರ ಸೂರಿನ ಕೆಳಗೆ ಮಲಗಿದನು, ಮರುದಿನ ಯಾರ ಹೊಲದಲ್ಲಿ ಗುದ್ದಲಿ ಹಿಡಿದನು ಎಂಬುದನ್ನು ಅವು ಕೇಳುವುದಿಲ್ಲ.

ದಕ್ಷಿಣ ಕೆರೊಲೈನಾ ಸಂಸ್ಥಾನದ ಚಾರ್ಲ್ಸ್‌ಟನ್ ನಗರಕ್ಕೆ ತೆಂಕಣದಲ್ಲಿ, ಸಮುದ್ರದ ಅಂಚಿನಲ್ಲಿ, ಎಡಿಸ್ಟೋ ಎಂಬ ದ್ವೀಪವುಂಟು. ನೀಳವಾದ ನೂಲೆಳೆಯುಳ್ಳ ಬಹು ಬೆಲೆಯ ಹತ್ತಿಯು ಅಲ್ಲಿ ಬೆಳೆಯುತ್ತಿದ್ದಿತು. ಬಿತ್ತುವವರೂ ಬಿಡಿಸುವವರೂ ಗುಲಾಮರು, ಹಣವು ಧಣಿಗಳದು. 1861ರ ನವೆಂಬರ್ ತಿಂಗಳಿನಲ್ಲಿ ಒಕ್ಕೂಟದ ನೌಕಾಸೈನ್ಯವು ಅಲ್ಲಿಗೆ ಸಮೀಪದ ಪೋರ್ಟ್ ರಾಯಲ್ ಕೊಲ್ಲಿಯನ್ನು ಹಿಡಿಯಲು, ಆ ಕರಾವಳಿಯ ಧಣಿಗಳು ಹೊಲ ಮನೆಗಳನ್ನು ಬಿಟ್ಟು ಒಳನಾಡಿಗೆ ಓಡಿಹೋದರು.

1865ರ ಜನವರಿ 12ರಂದು ಸವಾನ್ನಾ ನಗರದಲ್ಲಿ ಸೇನಾನಿ ಶರ್ಮನ್ನನೂ ಯುದ್ಧಮಂತ್ರಿ ಸ್ಟಾಂಟನ್ನನೂ ಕರಿಯ ಜನರ 20 ಮಂದಿ ಮುಖಂಡರನ್ನು ಕರೆಯಿಸಿ, ನಿಮಗೇನು ಬೇಕೆಂದು ವಿಚಾರಿಸಿದರು. ಗ್ಯಾರಿಸನ್ ಫ್ರೇಜಿಯರ್ ಎಂಬ 67 ವರ್ಷದ ವೃದ್ಧ ಧರ್ಮಬೋಧಕನು ಎಲ್ಲರ ಪರವಾಗಿ ಉತ್ತರ ಕೊಟ್ಟನು. ತಮಗೆ ನೆಲವು ಬೇಕು, ಅದನ್ನು ತಮ್ಮ ದುಡಿಮೆಯಿಂದಲೇ ಸಾಗುಮಾಡಿ ಜೀವಿಸುವೆವು, ಮುಂದೆ ಅದನ್ನು ಕೊಂಡುಕೊಳ್ಳುವಷ್ಟು ಶಕ್ತರಾಗುವೆವು ಎಂಬುದೇ ಆ ಉತ್ತರದ ಸಾರವು. ನಾಲ್ಕೇ ದಿನಗಳಲ್ಲಿ ಶರ್ಮನ್ನನ ಆಜ್ಞೆಯು ಹೊರಟಿತು. ಚಾರ್ಲ್ಸ್‌ಟನ್ನಿನಿಂದ ದಕ್ಷಿಣದ ದ್ವೀಪಗಳೂ, ನದಿಗಳ ದಡದಲ್ಲಿ ಸಮುದ್ರದಿಂದ 30 ಮೈಲಿಗಳ ಒಳಗೆ ಪಾಳುಬಿದ್ದ ಭತ್ತದ ಗದ್ದೆಗಳೂ ಕರಿಯ ಜನರ ವಾಸಕ್ಕೆಂದು ಮೀಸಲಾದುವು; ಒಂದೊಂದು ಸಂಸಾರಕ್ಕೆ 40 ಎಕರೆಗಳಿಗೆ ಮೀರದಂತೆ ಸಾಗುವಳಿಯ ನೆಲವು ಗೊತ್ತಾಯಿತು. (ನೆಲದೊಡನೆ ಒಂದು ಹೇಸರಗತ್ತೆಯನ್ನೂ ಕೊಡುವೆವೆಂದು ಸರ್ಕಾರವು ಮಾತು ಕೊಟ್ಟಿದ್ದಿತೆಂದು ಇಂದಿಗೂ ಹೇಳುವರು. ಆಜ್ಞೆಯಲ್ಲಿ ಹೇಸರಗತ್ತೆಯ ಪ್ರಸ್ತಾಪವಿಲ್ಲ. ಸೈನ್ಯದವರು ತಮ್ಮಲ್ಲಿ ಮಿಕ್ಕ ಪ್ರಾಣಿಗಳನ್ನು ಕೆಲವರಿಗೆ ಕೊಟ್ಟುದೇ ಆ ಮಾತಿಗೆ ಮೂಲವು.) ಆ ವರ್ಷದ ನಡುವಿನ ಹೊತ್ತಿಗೆ ಸುಮಾರು 40,000 ಮಂದಿ ಇಂತಹ ನೆಲದಲ್ಲಿ ನೆಲಸಿದ್ದರು. ಎಡಿಸ್ಟೋ ದ್ವೀಪದಲ್ಲಿಯೂ ಸಂಸಾರಗಳು ಬೀಡುಬಿಟ್ಟು ಬಿತ್ತನೆ ಮಾಡಿದುವು.

ಅಷ್ಟರಲ್ಲಿ, ಏಪ್ರಿಲ್ ತಿಂಗಳಿನಲ್ಲಿ, ಅಧ್ಯಕ್ಷ ಲಿಂಕನ್ನನು ಹಂತಕನ ಗುಂಡಿಗೆ ಬಲಿಯಾದನು. ಅವನ ಸ್ಥಾನಕ್ಕೆ ಬಂದ ಆಂಡ್ರ್ಯೂ ಜಾನ್ಸನ್ನನು ಮೇ 29ರಂದು ಕ್ಷಮಾಘೋಷಣೆಯನ್ನು ಹೊರಡಿಸಿದನು. ದಂಗೆಯೆದ್ದವರು ರಾಜನಿಷ್ಠೆಯ ಪ್ರಮಾಣವನ್ನು ಮಾಡಿದರೆ ಸಾಕು, ಗುಲಾಮರ ಹೊರತು ಉಳಿದ ಆಸ್ತಿಯೆಲ್ಲವೂ ಅವರಿಗೆ ಹಿಂದಿರುಗುವುದು. 20,000 ಡಾಲರಿಗೆ ಮೀರಿದ ಆಸ್ತಿಯುಳ್ಳವರು ಮಾತ್ರ ಅಧ್ಯಕ್ಷನಿಗೆ ಬೇರೆಯಾಗಿ ಬಿನ್ನವಿಸಿಕೊಳ್ಳಬೇಕಾಗಿದ್ದಿತು. ಅವರು ಬಿನ್ನವಿಸಿಕೊಂಡರು; ಕ್ಷಮಾಪತ್ರಗಳು ಸಾವಿರಾರು ಸಂಖ್ಯೆಯಲ್ಲಿ ಹೊರಟುವು. ಹೀಗೆ ಒಂದೇ ಬಾಗಿಲಿಗೆ ಎರಡು ಬಗೆಯ ಅರ್ಜಿಗಳು ಬಂದುವು. ನಿನ್ನೆಯವರೆಗೆ ಸರ್ಕಾರದ ಮೇಲೆ ಕೋವಿ ಹಿಡಿದಿದ್ದವನು ತನ್ನ ಎಸ್ಟೇಟನ್ನು ಹಿಂದಕ್ಕೆ ಬೇಡಿದನು. ಸರ್ಕಾರದ ಪಕ್ಷದಲ್ಲಿ ನಿಂತಿದ್ದವನು ತಾನು ಉತ್ತ ನೆಲವನ್ನು ತನ್ನಿಂದ ಕಸಿಯಬಾರದೆಂದು ಬೇಡಿದನು. ನೆಲವು ಮಾತ್ರ ಒಂದೇ.

ಈ ಕಹಿಸುದ್ದಿಯನ್ನು ಎಡಿಸ್ಟೋ ದ್ವೀಪಕ್ಕೆ ಒಯ್ಯುವ ಕೆಲಸವು ಜನರಲ್ ಆಲಿವರ್ ಓಟಿಸ್ ಹೋವರ್ಡನ ಪಾಲಿಗೆ ಬಂದಿತು. ಇವನು ಬಿಡುಗಡೆ ಹೊಂದಿದವರ ಯೋಗಕ್ಷೇಮಕ್ಕಾಗಿ 1865ರ ಮಾರ್ಚ್ ತಿಂಗಳಲ್ಲಿ ಏರ್ಪಟ್ಟ ಸರ್ಕಾರಿ ಇಲಾಖೆಯ ಮುಖ್ಯಸ್ಥನು, ದೈವಭಕ್ತನು, 1862ರ ಯುದ್ಧವೊಂದರಲ್ಲಿ ಬಲಗೈಯನ್ನು ಕಳೆದುಕೊಂಡವನು. ನೆಲವನ್ನು ವಿಮುಕ್ತರಿಗೇ ಉಳಿಸಬೇಕೆಂದು ಇವನು ಜುಲೈ ತಿಂಗಳಲ್ಲಿ ಹೊರಡಿಸಿದ್ದ ಸುತ್ತೋಲೆಯನ್ನು ಅಧ್ಯಕ್ಷನು ಸೆಪ್ಟೆಂಬರಿನಲ್ಲಿ ರದ್ದು ಮಾಡಿಸಿದ್ದನು. ಮನಸ್ಸು ಒಪ್ಪದ ಮಾತನ್ನು ಹೇಳಲು ಅಕ್ಟೋಬರ್ ತಿಂಗಳಲ್ಲಿ ಹೋವರ್ಡನು ದ್ವೀಪಕ್ಕೆ ಬಂದನು.

ಇಗರ್ಜಿಯಲ್ಲಿ ಜನರು ಕಿಕ್ಕಿರಿದು ಸೇರಿದ್ದರು. ನೆಲವನ್ನು ಹಳೆಯ ಧಣಿಗಳಿಗೆ ಬಿಟ್ಟುಕೊಡಬೇಕಾಗಿದೆ, ಅವರೊಡನೆ ಕರಾರು ಮಾಡಿಕೊಂಡು ಕೂಲಿಗೆ ನಿಲ್ಲಿರಿ ಎಂದು ಹೋವರ್ಡನು ಹೇಳಲು, ಸಭೆಯಲ್ಲಿ ಗದ್ದಲವೆದ್ದಿತು. ಅವನ ಮಾತು ಮುಂದೆ ಸಾಗದಾಯಿತು. ಆಗ ಹೆಂಗಸೊಬ್ಬಳು, ತನ್ನ ಸಂಕಟವನ್ನು ಬಲ್ಲವರು ಯಾರೂ ಇಲ್ಲವೆಂಬ ಅರ್ಥದ ಶೋಕಗೀತವನ್ನು ಎತ್ತಿಕೊಂಡಳೆಂದೂ, ಸಭೆಯೆಲ್ಲವೂ ಅದಕ್ಕೆ ದನಿಗೂಡಿಸಿತೆಂದೂ ಹೋವರ್ಡನೇ ತನ್ನ ಆತ್ಮಚರಿತ್ರೆಯಲ್ಲಿ ಬರೆದಿರುವನು. ಮಹಡಿಯ ಮೇಲಿನಿಂದ ಒಬ್ಬನು ಎದ್ದು, ಸರ್ಕಾರಕ್ಕೆ ಸದಾ ನಿಷ್ಠರಾಗಿದ್ದ ನಮ್ಮಿಂದ ಕಿತ್ತು ಸದಾ ವೈರಿಗಳಾಗಿದ್ದವರಿಗೆ ಕೊಡುವಿರಲ್ಲಾ, ಇದು ನ್ಯಾಯವೇ ಎಂದು ಕೂಗಿದನು. ಕಡೆಗೆ ಹೋವರ್ಡನು, ನಿಮ್ಮೊಳಗೆ ಮೂವರನ್ನು ಆರಿಸಿರಿ, ಅವರೊಡನೆ ಮಾತನಾಡುವೆನು ಎಂದನು. ಹೆನ್ರಿ ಬ್ರಾಮ್, ಇಷ್ಮೇಲ್ ಮೌಲ್ಟ್ರಿ, ಯೇಟ್ಸ್ ಸ್ಯಾಂಪ್ಸನ್ ಎಂಬ ಮೂವರು ಆಯ್ಕೆಯಾದರು. ಒಂದೆರಡು ದಿನಗಳಲ್ಲಿಯೇ ಅವರು ಹೋವರ್ಡನಿಗೆ ಬಿನ್ನಹವನ್ನು ಬರೆದರು.

ಗುಲಾಮರಿಗೆ ಅಕ್ಷರ ಕಲಿಸುವುದು ಅಪರಾಧವೆಂದು ಆ ಸಂಸ್ಥಾನವು 1834ರಲ್ಲಿ ಕಾನೂನು ಮಾಡಿದ್ದಿತು. ಅಂತಹ ನಾಡಿನಿಂದ ಹೊರಟ ಈ ಕಾಗದಗಳಲ್ಲಿ ಕಾಗುಣಿತದ ತಪ್ಪುಗಳು ಉಂಟು. ವಿಚಾರದಲ್ಲಿ ಮಾತ್ರ ತಪ್ಪನ್ನು ಹುಡುಕಿದರೂ ಸಿಕ್ಕದು. ತಮ್ಮಲ್ಲಿ ಕುದುರೆಗಳುಂಟು, ದನಗಳುಂಟು, ಗಾಡಿಗಳುಂಟು, ಮನೆಯ ಸಾಮಾನುಗಳುಂಟು. ಇಲ್ಲದುದು ನೆಲವೊಂದೇ ಎಂದು ಅವರು ಬರೆದರು. ನೆಲವಿಲ್ಲದಿದ್ದರೆ ತಮಗೆ ಮೂರೇ ದಾರಿಗಳು: ಬೀದಿಗೆ ಇಳಿಯುವುದು, ಸಮುದ್ರಕ್ಕೆ ಇಳಿಯುವುದು, ಇಲ್ಲವೆ ಮೊದಲಿನಂತೆಯೇ ಧಣಿಯ ಇಷ್ಟಕ್ಕೆ ಒಳಪಟ್ಟು ದುಡಿಯುವುದು. ಇದು ನಿಜವಾದ ಸ್ವತಂತ್ರರ ಸ್ಥಿತಿಯಲ್ಲ. ತಂದೆತಾಯಿಗಳ ಎಲುಬುಗಳನ್ನು ಹೂಳುವಷ್ಟು ನೆಲವೂ ತಮಗೆ ಸಿಕ್ಕದಂತೆ ಧಣಿಗಳು ಒಗ್ಗಟ್ಟಾಗಿರುವರು ಎಂದು ದೂರಿಕೊಂಡರು.

ಹೋವರ್ಡನು ಸಭೆಯಲ್ಲಿ, ಹಳೆಯ ಧಣಿಗಳನ್ನು ಕ್ಷಮಿಸಿರಿ ಎಂದು ಉಪದೇಶಿಸಿದ್ದನು. ಅದಕ್ಕೆ ಅವರು ಕೊಟ್ಟ ಉತ್ತರವನ್ನು ಓದಿ ನಾವು ಕಾಗದವನ್ನು ಕೆಲಹೊತ್ತು ಕೆಳಗಿಟ್ಟೆವು. ತಾವು ಯುದ್ಧದಲ್ಲಿ ಒಂದು ಬಲಗೈಯನ್ನು ಮಾತ್ರ ಕಳೆದುಕೊಂಡಿರಿ, ತಾವು ಕ್ಷಮಿಸಬಹುದು. ಆದರೆ ನನ್ನನ್ನು ಮರಕ್ಕೆ ಕಟ್ಟಿ 39 ಛಡಿಯೇಟುಗಳನ್ನು ಹೊಡೆದವನನ್ನು, ನನ್ನ ತಾಯಿಯನ್ನೂ ತಂಗಿಯನ್ನೂ ಬಟ್ಟೆ ಕಳಚಿ ಥಳಿಸಿದವನನ್ನು, ಅವನ ಗುಡಿಸಿಲಲ್ಲಿ ಅವನು ಹೇಳಿದ ಬೆಲೆಗೆ ಇರುವೆನೆಂದಲ್ಲದೆ ನನ್ನನ್ನು ನಿಲ್ಲಗೊಡದವನನ್ನು, ನನಗೆ ನೆಲ ಸಿಕ್ಕದಂತೆ ಮಾಡಲು ಇತರರೊಡನೆ ಸೇರಿರುವವನನ್ನು ನಾನು ಸುಲಭವಾಗಿ ಕ್ಷಮಿಸಲಾರೆನು ಎಂಬುದು ಆ ಮಾತಿನ ಭಾವವು. ಮೂವರು ಸೇರಿ ಬರೆದ ಬಿನ್ನಹದಲ್ಲಿ ಇಲ್ಲಿ ಮಾತ್ರ ‘ನಾವು’ ಎಂಬುದು ‘ನಾನು’ ಎಂದಾಗಿದೆ. ಅಂದು ಕ್ಷಮೆಯನ್ನು ಘೋಷಿಸಿದವನು ಅಧ್ಯಕ್ಷನು. ಅದರ ಬೆಲೆಯನ್ನು ತೆರಬೇಕಾದವರು ಈ ದ್ವೀಪದವರು. ಕ್ಷಮಿಸುವಿರಾ ಎಂದು ಇವರನ್ನು ಮೊದಲು ಯಾರೂ ಕೇಳಿರಲಿಲ್ಲ.

ಹೋವರ್ಡನು ಒಡನೆಯೇ ಮರುತ್ತರವನ್ನು ಬರೆದನು. ಸ್ವಂತ ಮನೆ ಹೊಲಗಳನ್ನು ಬಯಸುವುದು ನ್ಯಾಯವೇ ಎಂದು ಒಪ್ಪಿದನು. ಆದರೆ ಕ್ಷಮೆ ಹೊಂದಿದವನಿಗೆ ಅವನ ಆಸ್ತಿಯ ಹಕ್ಕು ಮರಳಿ ಬರುವುದೆಂಬುದು ಸರ್ಕಾರದ ನಿಲುವು. ಶಾಸನಸಭೆಯು ಸೇರುವವರೆಗೆ ಬೇರೆ ನೆಲವನ್ನು ಕೊಡಲು ಬಾರದು. ಅಲ್ಲಿಯವರೆಗೆ ಕರಾರು ಮಾಡಿಕೊಳ್ಳಿರಿ ಎಂದನು. ಒಳ್ಳೆಯವನ ಕೈಯಿಂದ ಬಂದ ಕೆಟ್ಟ ಉತ್ತರವದು.

ಅಕ್ಟೋಬರ್ 28ರಂದು ಆ ಮೂವರು ಅಧ್ಯಕ್ಷ ಜಾನ್ಸನ್ನನಿಗೇ ಬರೆದರು. ದಂಗೆಯು ಹುಟ್ಟಿ ಬೆಳೆದುದು ಈ ನಾಡಿನಲ್ಲಿ. ಇಲ್ಲಿಯೇ ನಾವು ಮೂಕ ಪಶುಗಳಂತೆ ದುಡಿದೆವು. ಈ ನೆಲವು ಈಗಿರುವಂತೆ ಆದುದು ನಮ್ಮ ಕೈಗಳಿಂದ. ಇದೇ ನಮ್ಮ ಮನೆ ಎಂದರು. ರಣರಂಗದಲ್ಲಿ ನಿಂತು ತನ್ನ ಧಣಿಯ ಮೇಲೆಯೂ ಧಣಿಯ ಮಕ್ಕಳ ಮೇಲೆಯೂ ಗುಂಡು ಹಾರಿಸಿದವನು, ಈಗ ಹೆಂಡತಿ ಮಕ್ಕಳಿಗಾಗಿ ಅನ್ನವನ್ನೂ ಆಸರೆಯನ್ನೂ ಅದೇ ಧಣಿಯ ಬಳಿ ಬೇಡಬೇಕೇ ಎಂದು ಕೇಳಿದರು. ನೆಲವನ್ನು ಪುಕ್ಕಟೆಯಾಗಿ ಕೊಡಿರೆಂದು ಅವರು ಕೇಳಲಿಲ್ಲ. ಸರ್ಕಾರವು ಕೇಳಿದಾಗ ಬೆಲೆಯನ್ನು ಕೊಡಲು ಸಿದ್ಧರೆಂದೇ ಬರೆದರು. ಅಧ್ಯಕ್ಷನು ತನ್ನ ನಿಲುವನ್ನು ಬದಲಾಯಿಸಲಿಲ್ಲ.

ಇಲ್ಲಿ ಲೆಕ್ಕದ ಮಾತೊಂದನ್ನು ಹೇಳಬೇಕಾಗಿದೆ. ರಾಜಧಾನಿಯಾದ ವಾಷಿಂಗ್ಟನ್ನಿನಲ್ಲಿ 1862ರ ಏಪ್ರಿಲಿನಲ್ಲಿ ಗುಲಾಮಗಿರಿಯನ್ನು ತೆಗೆದುಹಾಕಿದಾಗ, ಸರ್ಕಾರಕ್ಕೆ ನಿಷ್ಠರಾಗಿದ್ದ ಧಣಿಗಳಿಗೆ ಒಬ್ಬೊಬ್ಬ ಗುಲಾಮನಿಗೆ 300 ಡಾಲರುಗಳವರೆಗೆ ಪರಿಹಾರ ದೊರೆಯಿತು. ಯುದ್ಧಕಾಲದಲ್ಲಿ ಒಕ್ಕೂಟದ ಸೈನ್ಯವು ಕೊಂಡೊಯ್ದ ಕುದುರೆ, ಹಂದಿ, ಜೋಳಗಳಿಗೆ ಹಣ ಕೊಡಲು 1871ರಲ್ಲಿ ಒಂದು ಆಯೋಗವೇ ಏರ್ಪಟ್ಟು, ದಕ್ಷಿಣದ ನಿಷ್ಠಾವಂತರಿಂದ 22,000ಕ್ಕೂ ಹೆಚ್ಚು ಅರ್ಜಿಗಳನ್ನು ತೆಗೆದುಕೊಂಡಿತು. ಅದರಲ್ಲಿ ಹಿಂದೆ ಗುಲಾಮರಾಗಿದ್ದ ಕೆಲವರಿಗೂ ತಮ್ಮ ಹಂದಿ ಕುದುರೆಗಳ ಬೆಲೆಯು ಸಂದಿತು. ಅವರು ಗುಲಾಮರಾಗಿ ದುಡಿದ ವರ್ಷಗಳ ಕೂಲಿಯನ್ನು ಕೇಳಲು ಅಲ್ಲಿ ಅವಕಾಶವಿರಲಿಲ್ಲ.

ದ್ವೀಪಗಳ ಗತಿಯು 1866ರಲ್ಲಿ ನಿಶ್ಚಯವಾಯಿತು. ಶರ್ಮನ್ನನ ಆಜ್ಞೆಯಂತೆ ನೆಲ ಹಿಡಿದವರನ್ನು ಮೂರು ವರ್ಷ ಕದಲಿಸಬಾರದೆಂಬ ನಿಯಮವುಳ್ಳ ಮಸೂದೆಯನ್ನು ಶಾಸನಸಭೆಯು ಅಂಗೀಕರಿಸಲು, ಫೆಬ್ರವರಿ 19ರಂದು ಜಾನ್ಸನ್ನನು ಅದನ್ನು ತಿರಸ್ಕರಿಸಿದನು. ಸರಿಯಾದ ಪಟ್ಟೆಯಿಲ್ಲದವರು ಕೂಲಿಯ ಕರಾರಿಗೆ ಒಪ್ಪಬೇಕು, ಇಲ್ಲವೆ ಜಾಗವನ್ನು ಬಿಡಬೇಕು ಎಂದಾಯಿತು. ಒಪ್ಪದವರನ್ನು ಹೊರಡಿಸಲು ಬಂದವರು, ಅವರನ್ನು ದಾಸ್ಯದಿಂದ ಬಿಡಿಸಿದ್ದ ಅದೇ ನೀಲಿ ಉಡುಪಿನ ಸಿಪಾಯಿಗಳು. ಜುಲೈ ತಿಂಗಳಲ್ಲಿ ಅಧ್ಯಕ್ಷನ ವಿರೋಧವನ್ನು ಮೀರಿ ಬೇರೊಂದು ಶಾಸನವು ಜಾರಿಗೆ ಬಂದಿತು. ಪಟ್ಟೆಯುಳ್ಳವರು 40 ಎಕರೆಗಳಿಗೆ ಬದಲಾಗಿ, ಸರ್ಕಾರದ ವಶದಲ್ಲಿದ್ದ ಬೇರೆಡೆಯ ನೆಲದಲ್ಲಿ 20 ಎಕರೆಗಳನ್ನು, ಎಕರೆಗೆ ಒಂದೂವರೆ ಡಾಲರಿನಂತೆ ಕೊಂಡುಕೊಳ್ಳಬಹುದಾಗಿದ್ದಿತು. ಕೈಯಲ್ಲಿ ಹಣವಿದ್ದ ಕೆಲವರು ಕೊಂಡರು. ಉಳಿದವರಲ್ಲಿ ಬಹುಮಂದಿ ಹಳೆಯ ಹೊಲಗಳಲ್ಲಿಯೇ ಹತ್ತಿ ಬಿಡಿಸುತ್ತ ನಿಂತರು.

ಹೋವರ್ಡನ ಹೆಸರಿನಲ್ಲಿ 1867ರಲ್ಲಿ ವಾಷಿಂಗ್ಟನ್ನಿನಲ್ಲಿ ಒಂದು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಬಿಡುಗಡೆ ಹೊಂದಿದವರ ಮಕ್ಕಳು ಅಲ್ಲಿ ಓದಿದರು. ದ್ವೀಪದ ಮೂವರು ಬರೆದ ಕಾಗದಗಳು ಅದೇ ನಗರದ ರಾಷ್ಟ್ರೀಯ ಪತ್ರಾಗಾರದಲ್ಲಿ, ಅವನ ಇಲಾಖೆಯ ಕಡತಗಳ ನಡುವೆ, ಇಂದಿಗೂ ಇರುವುವು.