ಬೆಳೆಯ ಮದ್ದು, ಬೆಳೆಯುವ ಮಕ್ಕಳು



ಮೇ ತಿಂಗಳು ಬಂತೆಂದರೆ ನಮ್ಮ ಸೇಲಂ, ಧರ್ಮಪುರಿ ಸೀಮೆಯ ಮನೆಗಳಲ್ಲಿ ಎರಡು ಚಿಂತೆ. ಒಂದು, ಮಾವು-ಟೊಮೆಟೊಗಳ ಬೆಲೆ. ಇನ್ನೊಂದು, ಹತ್ತನೆಯ ಮತ್ತು ಹನ್ನೆರಡನೆಯ ತರಗತಿಯ ಫಲಿತಾಂಶ. ಬೆಲೆ ಬಿದ್ದರೆ ನಾವು ನಾಲ್ಕು ಜನರ ಮುಂದೆ ದಲ್ಲಾಳಿಯನ್ನು ಬೈದು ಮನಸ್ಸು ಹಗುರ ಮಾಡಿಕೊಳ್ಳುತ್ತೇವೆ. ಅಂಕ ಬಿದ್ದ ಮಗು ಯಾರ ಮುಂದೆ ಹೇಳಿಕೊಳ್ಳಬೇಕು? ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ತಮಿಳು ಪತ್ರಿಕೆ ಬರೆಯುವ ಮಕ್ಕಳಿಗೆ 2006ರ ತಮಿಳು ಕಲಿಕೆ ಕಾಯ್ದೆ ಬಂದ ಮೇಲೆ ಹೊರೆ ಇನ್ನೂ ಹೆಚ್ಚು.

ಇದನ್ನು ಕೃಷಿ ಮತ್ತು ಆರೋಗ್ಯದ ಅಂಕಣದಲ್ಲಿ ಬರೆಯಲು ಕಾರಣವಿದೆ. ಹದಿಹರೆಯದಲ್ಲಿ ಸಂಕಟ ಒಮ್ಮೆಲೇ ಏರುತ್ತದೆ. ಬಹಳ ಸಲ ಕೆಲವು ಗಂಟೆಗಳಲ್ಲೇ ಇಳಿಯುತ್ತದೆ ಕೂಡ. ಆವೇಗವನ್ನು ಹಿಡಿದು ನಿಲ್ಲಿಸುವ ಮೆದುಳಿನ ಭಾಗ ಇಪ್ಪತ್ತು ದಾಟಿದ ಮೇಲೂ ಬಲಿಯುತ್ತಲೇ ಇರುತ್ತದೆ. ಸಂಕಟ ಏರಿದ ಆ ಹೊತ್ತಿನಲ್ಲಿ ಅಪಾಯದ ವಸ್ತು ಕೈಗೆಟಕದಂತಿದ್ದರೆ ಎಷ್ಟೋ ಜೀವಗಳು ಉಳಿಯುತ್ತವೆ. ಪಟ್ಟಣದ ಮನೆಗಳಲ್ಲಿ ಇಲ್ಲದ ಒಂದು ವಸ್ತು ರೈತನ ಮನೆಯಲ್ಲಿ ಇರುತ್ತದೆ: ಅಟ್ಟದ ಮೇಲೋ ಕೊಟ್ಟಿಗೆಯ ಮೂಲೆಯಲ್ಲೋ ಉಳಿದ ಅರ್ಧ ಬಾಟಲಿ ಕೀಟನಾಶಕ. ಅದನ್ನು ನಾವು ಮದ್ದು, ಔಷಧಿ ಎಂದು ಕರೆಯುತ್ತೇವೆ. ಇದೆಂಥ ಹೆಸರೋ!

ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ ಸಾಲದೇ ಎನ್ನುವಿರಿ. ಶ್ರೀಲಂಕಾದ 180 ಹಳ್ಳಿಗಳಲ್ಲಿ ಇದನ್ನೇ ಪರೀಕ್ಷಿಸಿದರು. ಅರ್ಧದಷ್ಟು ಹಳ್ಳಿಗಳ ಮನೆಮನೆಗೂ ಬೀಗದ ಪೆಟ್ಟಿಗೆ ಕೊಟ್ಟು ವರ್ಷಗಟ್ಟಲೆ ನೋಡಿದರು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಪೆಟ್ಟಿಗೆಯಿಂದ ವಿಷಸೇವನೆ ಕಡಿಮೆಯಾಗಲಿಲ್ಲ. ಬೀಗದ ಕೈ ಎಲ್ಲಿದೆ ಎಂದು ತಿಳಿಯದ ಮಕ್ಕಳು ಯಾವ ಮನೆಯಲ್ಲಿದ್ದಾರೆ?

ನಮ್ಮ ರಾಜ್ಯದಲ್ಲೇ ಕಡಲೂರು ಜಿಲ್ಲೆಯ ಕಾಟ್ಟುಮನ್ನಾರ್‌ಕೋಯಿಲ್ ತಾಲ್ಲೂಕಿನಲ್ಲಿ ಬೇರೊಂದು ದಾರಿ ಹಿಡಿದರು. ಚೆನ್ನೈನ ಸ್ನೇಹಾ ಸಂಸ್ಥೆಯ ಡಾ. ಲಕ್ಷ್ಮಿ ವಿಜಯಕುಮಾರ್ ಮತ್ತು ಸಂಗಡಿಗರು ಎರಡು ಹಳ್ಳಿಗಳಲ್ಲಿ ಮದ್ದನ್ನು ಮನೆಯಿಂದಲೇ ಹೊರಗೆ ತಂದರು. ಊರಿಗೊಂದು ಸಾಮೂಹಿಕ ಕಟ್ಟಡ, ಅದರಲ್ಲಿ ರೈತರಿಗೆ ಬೀಗದ ಪೆಟ್ಟಿಗೆಗಳು, ನೋಡಿಕೊಳ್ಳಲು ಒಬ್ಬ ಮೇಲ್ವಿಚಾರಕ. ಅಲ್ಲಿ ವಿಷಸೇವನೆ ಸ್ಪಷ್ಟವಾಗಿ ಇಳಿಯಿತು. ಎರಡೇ ಊರುಗಳ ಲೆಕ್ಕವಾದ್ದರಿಂದ ಅತಿಯಾಗಿ ಹಿಗ್ಗಬೇಕಿಲ್ಲ. ಆದರೂ ದಾರಿ ಇದೇ ಎಂದು ನಮಗನಿಸುತ್ತದೆ.

ಶ್ರೀಲಂಕಾ ಇನ್ನೂ ಮುಂದೆ ಹೋಗಿ, 1995ರಿಂದ ಒಂದೊಂದಾಗಿ ಅತಿ ವಿಷಕಾರಿ ಕೀಟನಾಶಕಗಳನ್ನೇ ನಿಷೇಧಿಸಿತು. ಎರಡು ದಶಕಗಳಲ್ಲಿ ಅಲ್ಲಿನ ಆತ್ಮಹತ್ಯೆಯ ಪ್ರಮಾಣ ಸುಮಾರು 70 ಶೇಕಡಾ ಇಳಿಯಿತು; ಭತ್ತದ ಇಳುವರಿ ಇಳಿಯಲಿಲ್ಲ. ತಮಿಳುನಾಡು ಸರ್ಕಾರವೂ 2023ರ ಆರಂಭದಲ್ಲಿ ಆರು ಕೀಟನಾಶಕಗಳ ಮಾರಾಟವನ್ನು 60 ದಿನ ತಡೆದಿತ್ತು. ಅರವತ್ತು ದಿನ ಏನೇನೂ ಸಾಲದು.

ಆದ್ದರಿಂದ ಒಂದು ಸಿಂಪಡಣೆಗೆ ಬೇಕಾದಷ್ಟೇ ಕೊಳ್ಳಿರಿ. ಅಗ್ಗವೆಂದು ದೊಡ್ಡ ಡಬ್ಬ ತರಬೇಡಿ. ಉಳಿದದ್ದು ಮನೆಯೊಳಗೆ ಬೇಡ.

ಮಕ್ಕಳ ಮನಸ್ಸಿನ ಮಾತೂ ಅಷ್ಟೇ ಮುಖ್ಯ. ಆಟಕ್ಕೆ ಹೋಗುತ್ತಿದ್ದವನು ಹೋಗುವುದಿಲ್ಲ, ಊಟ ಸೇರುವುದಿಲ್ಲ, ನಿದ್ದೆ ಕೆಟ್ಟಿದೆ, ಪ್ರೀತಿಯ ವಸ್ತುಗಳನ್ನು ತಂಗಿಗೆ ಕೊಟ್ಟುಬಿಡುತ್ತಾನೆ, “ನಾನಿದ್ದೇನು ಪ್ರಯೋಜನ” ಎನ್ನುತ್ತಾನೆ. ಇಂಥದನ್ನು ಸೋಮಾರಿತನವೆಂದೋ ನಾಟಕವೆಂದೋ ತಳ್ಳಿಹಾಕಬೇಡಿ. “ಸಾಯಬೇಕು ಅನಿಸುತ್ತದೆಯಾ ಮಗನೇ?” ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇದ್ದ ಯೋಚನೆ ಹೊರಬರುತ್ತದೆ. ಫಲಿತಾಂಶದ ದಿನ ಪಕ್ಕದ ಮನೆಯ ಹುಡುಗಿಯ ಅಂಕ ಎತ್ತದೆ, “ಮೊದಲು ಊಟ ಮಾಡಪ್ಪಾ, ಆಮೇಲೆ ನೋಡೋಣ” ಎಂದರೆ ಸಾಕು. ಅನುತ್ತೀರ್ಣರಾದವರಿಗೆ ಅದೇ ವರ್ಷ ಪೂರಕ ಪರೀಕ್ಷೆಯಿದೆ. ಮಾತು ಸಾಮಾನ್ಯವಾಗಿ ತಾಯಿಯ ಪಾಲಿಗೇ ಬಿಡುವುದು ನಮ್ಮ ರೂಢಿ. ತಂದೆಯೂ ಆ ದಿನ ಹೊಲ ಬಿಟ್ಟು ಮನೆಯಲ್ಲಿರಲಿ.

ಮನಸ್ಸಿನ ತೊಂದರೆಗೆ 14416 ಸಂಖ್ಯೆಯ ಟೆಲಿ ಮಾನಸ್ ಸೇವೆ 2022ರಿಂದ ಹಗಲಿರುಳೂ ಉಚಿತ. ತಮಿಳಿನಲ್ಲೂ ಕನ್ನಡದಲ್ಲೂ ಮಾತನಾಡಬಹುದು. ಹೊಸೂರು ಕಡೆಯವರಿಗೆ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆ ದೂರವೇನಲ್ಲ.

ಮಗು ವಿಷ ಸೇವಿಸಿದ ಅನುಮಾನ ಬಂದರೂ ಸಾಕು, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಆರಾಮವಾಗಿರುವಂತೆ ಕಂಡರೂ 108ಕ್ಕೆ ಕರೆಮಾಡಿ, ಬಾಟಲಿಯ ಸಮೇತ ಸರ್ಕಾರಿ ಆಸ್ಪತ್ರೆಗೆ ಒಯ್ಯಿರಿ. ಪೊಲೀಸರ ಭಯದಿಂದ ಮುಚ್ಚಿಟ್ಟು ತಡ ಮಾಡುವ ಮನೆಗಳಿವೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ, ಹಾಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷಿಸುವಂತಿಲ್ಲ.

ಕಾಟ್ಟುಮನ್ನಾರ್‌ಕೋಯಿಲಿನ ಮಾದರಿಯಲ್ಲಿ ನಮ್ಮ ವಿಚಾರಣೆಯ ಪ್ರತಿ ಹಳ್ಳಿಯಲ್ಲೂ ಮದ್ದಿಗೊಂದು ಕೋಣೆ ಮಾಡಬಹುದೇ ಎಂಬುದನ್ನು ಮುಂದಿನ ಪಾಲನಾ ಸಮಿತಿಯ ಸಭೆಯಲ್ಲಿ ಇಡುತ್ತಿದ್ದೇವೆ. ಬಳಸದ ಹಳೆಯ ಕೋಣೆ ಯಾರಲ್ಲಾದರೂ ಇದ್ದರೆ ಅದಕ್ಕೆ ಮೊದಲೇ ತಿಳಿಸಿರಿ.