ನೆಲದ ತೇವವನ್ನು ಓದುವ ರಾಡಾರ್



ಕಾಂದಿವಲಿಯಲ್ಲಿ ಹುಟ್ಟಿ ಬೆಳೆದ ನಿಮಗೆ ನೀರೆಂದರೆ ನಳದ ನೀರು. ವಿಹಾರ್, ತುಳಸಿಯಿಂದ ಹಿಡಿದು ಭಾತ್ಸಾವರೆಗಿನ ಏಳು ಜಲಾಶಯಗಳು ಮುಂಬಯಿಯ ದಾಹ ತಣಿಸುತ್ತವೆ. ಆದರೆ ಬೇಸಗೆಯಲ್ಲಿ ಊರಿನಿಂದ ಬರುವ ಫೋನಿನ ಮಾತೇ ಬೇರೆ: "ಬಾವಿ ಬತ್ತಿದೆ, ಬೋರ್‌ವೆಲ್ ತೋಡಿಸಬೇಕು, ಎಲ್ಲಿ?" ಕವಲುಕೋಲು ಹಿಡಿದವರು ಒಂದು ಜಾಗ ತೋರಿಸುತ್ತಾರೆ, ಇಲ್ಲಿಂದ ಹಣ ಹೋಗುತ್ತದೆ. ನೀರು ಬಂದರೆ ಪುಣ್ಯ, ಬಾರದಿದ್ದರೆ ಇನ್ನೊಂದು ಜಾಗ. ಇಂದಲ್ಲ ನಾಳೆ ಆ ಫೋನು ನಿಮಗೇ ಬರಲಿದೆ.

ನೆಲದೊಳಗಿನ ನೀರು ಎಲ್ಲೆಡೆ ಒಂದೇ ಸಮನಾಗಿಲ್ಲ. ಬಂಟ್ವಾಳ ತಾಲೂಕಿನ ಅಡ್ಯನಡ್ಕ ಬಳಿಯ ಅಮೈ ಮಹಾಲಿಂಗ ನಾಯ್ಕರ ಹೆಸರನ್ನು ನೀವು ಕೇಳಿರಬಹುದು. ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ತೋಡಿ ತೋಟ ಎಬ್ಬಿಸಿದ ಈ ಕೃಷಿಕರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಮೊದಮೊದಲು ಅವರು ತೋಡಿದ ಸುರಂಗಗಳು ವ್ಯರ್ಥವಾದವು. ಪಟ್ಟುಬಿಡದೆ ಮತ್ತೆ ತೋಡಿದಾಗ ನೀರು ಒಸರಿತು. ಗುಡ್ಡ ಅದೇ, ಮಳೆಯೂ ಅದೇ. ಮಣ್ಣಿನ ಪದರ, ಕಲ್ಲಿನ ಬಿರುಕು ಮಾತ್ರ ಹೆಜ್ಜೆಹೆಜ್ಜೆಗೆ ಬೇರೆ.

ಅಗೆಯದೆಯೇ ಈ ವ್ಯತ್ಯಾಸವನ್ನು ಅರಿಯುವ ಒಂದು ಸಾಧನ ಭೂಭೇದಕ ರಾಡಾರ್. ಕೈಗಾಡಿಯಂತೆ ನೆಲದ ಮೇಲೆ ಎಳೆದೊಯ್ಯುವ ಈ ಯಂತ್ರ ರೇಡಿಯೋ ತರಂಗಗಳನ್ನು ಕೆಳಗೆ ಕಳುಹಿಸುತ್ತದೆ. ಪದರ ಬದಲಾದಲ್ಲಿ ತರಂಗದ ಒಂದು ಅಂಶ ಮರಳಿ ಬರುತ್ತದೆ. ಹೋಗಿ ಬರಲು ಹಿಡಿದ ಕಾಲವನ್ನು ಯಂತ್ರ ಅಳೆಯುತ್ತದೆ.

ಭೌತಶಾಸ್ತ್ರದಲ್ಲಿ ಡೈಎಲೆಕ್ಟ್ರಿಕ್ ಸ್ಥಿರಾಂಕವನ್ನು ಓದಿದ್ದೀರಲ್ಲವೇ? ಗಾಳಿಗೆ ಅದು 1, ಒಣ ಮರಳಿಗೆ 3ರಿಂದ 5, ನೀರಿಗೆ ಸುಮಾರು 80. ಇದು ಹೆಚ್ಚಿದಷ್ಟೂ ತರಂಗ ನಿಧಾನವಾಗುತ್ತದೆ. ಎರಡು ಮೀಟರ್ ಆಳದ ಪದರವೊಂದರಿಂದ ಒಣ ಮರಳಿನ ಮೂಲಕ ತರಂಗ ಮರಳಲು ಸುಮಾರು 27 ನ್ಯಾನೊಸೆಕೆಂಡ್ ಸಾಕು. ಅದೇ ಮರಳು ನೀರು ತುಂಬಿಕೊಂಡಿದ್ದರೆ ಸುಮಾರು 67 ಬೇಕು. ಒಂದು ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲೇ ನ್ಯಾನೊಸೆಕೆಂಡ್. ಸ್ಥಿರಾಂಕದಿಂದ ಮಣ್ಣಿನ ನೀರಿನ ಪ್ರಮಾಣ ಲೆಕ್ಕಹಾಕುವ ಸೂತ್ರವನ್ನು ಕೆನಡಾದ ಟಾಪ್ ಮತ್ತು ಸಂಗಡಿಗರು 1980ರಲ್ಲಿ ಪ್ರಕಟಿಸಿದರು. ಮಳೆಗೆ ಮೊದಲು ಒಮ್ಮೆ, ಅನಂತರ ಒಮ್ಮೆ ಅದೇ ಗೆರೆಯಲ್ಲಿ ಗಾಡಿ ಎಳೆದರೆ ನೀರು ಎಲ್ಲಿ ಇಂಗಿದೆ, ಎಲ್ಲಿ ಇಂಗಿಲ್ಲ ಎಂಬುದರ ಸುಳಿವು ಸಿಗುತ್ತದೆ.

ನಮ್ಮ ಕರ್ನಾಟಕದಲ್ಲೂ ಇದಕ್ಕೆ ಸಮೀಪದ ಕೆಲಸ ನಡೆದಿದೆ. ಗುಂಡ್ಲುಪೇಟೆ ಬಳಿಯ ಬೇರಂಬಾಡಿ ಜಲಾನಯನದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಹೊಲದಿಂದ ಹೊಲಕ್ಕೆ ಮಣ್ಣಿನ ತೇವ ಅಳೆದು, ಉಪಗ್ರಹದ ರಾಡಾರ್ ಕಂಡದ್ದರೊಡನೆ ಹೋಲಿಸಿದ್ದಾರೆ. ಉಪಗ್ರಹಕ್ಕೆ ಕಾಣುವುದು ಮೇಲಿನ ಕೆಲವೇ ಸೆಂಟಿಮೀಟರ್. ನೆಲದ ಮೇಲಿನ ರಾಡಾರಿಗೆ ಅನುಕೂಲವಿದ್ದಲ್ಲಿ ಹಲವು ಮೀಟರ್.

ಅನುಕೂಲವೆಂದರೇನು? ನಮ್ಮ ಕಾಂದಿವಲಿಯನ್ನೇ ನೋಡಿ. 1930ರ ದಶಕದಲ್ಲಿ ಟಾಡ್ ಎಂಬ ನೌಕಾಧಿಕಾರಿ ಇಲ್ಲಿ ಶಿಲಾಯುಗದ ಕಲ್ಲಿನ ಆಯುಧಗಳನ್ನು ಕಂಡದ್ದು ಜೇಡಿ ಮತ್ತು ಜಲ್ಲಿಯ ಪದರಗಳ ನಡುವೆ. ಜಲ್ಲಿ ತರಂಗಕ್ಕೆ ದಾರಿ ಬಿಡುತ್ತದೆ, ಜೇಡಿ ಅದನ್ನು ಹೀರುತ್ತದೆ. ಚಾರ್ಕೋಪ್ ಕಡೆಯ ಖಾಡಿಯ ಉಪ್ಪುಕೆಸರಿನಲ್ಲಂತೂ ತರಂಗ ಸ್ವಲ್ಪ ದೂರದಲ್ಲೇ ಅಡಗಿಹೋಗುತ್ತದೆ. ಪೂರ್ವದ ಗುಡ್ಡದ ಒಣಕಲ್ಲಿನಲ್ಲಿ ಅದು ಹೆಚ್ಚು ಆಳಕ್ಕೆ ಹೋಗಬಲ್ಲದು. ಒಂದೇ ಉಪನಗರದಲ್ಲಿ ಇಷ್ಟು ಭೇದ!

ಆದುದರಿಂದ ಮಿತ್ರರೇ, ನೂರಾರು ಅಡಿ ಆಳದ ಬೋರ್‌ವೆಲ್ ನೀರನ್ನು ರಾಡಾರಿನಿಂದ ತೋರಿಸುತ್ತೇವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಅಷ್ಟು ಆಳಕ್ಕೆ ನೆಲದ ವಿದ್ಯುತ್ ರೋಧವನ್ನು ಅಳೆಯುವ ವಿಧಾನವೇ ರೂಢಿ. ಅದೂ ಸಾಧ್ಯತೆಯನ್ನಷ್ಟೇ ಹೇಳೀತು. ರಾಡಾರ್ ಉಪಯೋಗಕ್ಕೆ ಬರುವುದು ಮೇಲ್ಪದರದ ತೇವ ತಿಳಿಯಲು, ಇಂಗುಗುಂಡಿಗೆ ತಕ್ಕ ಜಾಗ ಆರಿಸಲು, ತೋಟದ ಯಾವ ಮೂಲೆಗೆ ಎಷ್ಟು ನೀರು ಬೇಕೆಂದು ನಿರ್ಧರಿಸಲು.

ಮುಂದಿನ ಮೇ ತಿಂಗಳಲ್ಲಿ ಊರಿಗೆ ಹೋದಾಗ ಬಾವಿಗೆ ಹಗ್ಗ ಇಳಿಸಿ ನೀರಿನ ಮಟ್ಟ ಅಳೆದು ಬರೆದಿಡಿ. ಮಳೆಗಾಲ ಮುಗಿದ ಮೇಲೆ ಅಲ್ಲಿರುವವರಿಂದ ಇನ್ನೊಮ್ಮೆ ಅಳೆಯಿಸಿ. ನಾಲ್ಕು ವರ್ಷದ ಆ ಲೆಕ್ಕ ನಿಮ್ಮ ಕೈಯಲ್ಲಿದ್ದರೆ, ಯಾವ ಯಂತ್ರ ತರಿಸಬೇಕು, ಯಾರಿಗೆ ಹಣ ಕೊಡಬೇಕು ಎಂಬುದನ್ನು ಮನೆಯ ಹಿರಿಯರೊಡನೆ ಕುಳಿತು ನೀವೇ ವಿಚಾರಿಸಬಹುದು.