ಗುಳಿಗೆಯ ಜೊತೆಗೆ ಭರವಸೆಯೂ ಬೇಕು



ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹಳ್ಳಿಗಳಲ್ಲಿ ಅಡ್ಡಾಡುವಾಗ ಒಂದು ಮಾತು ಆಗಾಗ ಕಿವಿಗೆ ಬೀಳುತ್ತದೆ. “ಆ ಮನ್ಯಾಗ ಒಬ್ಬಾಕಿಗೆ ತಲಿ ಸರಿ ಇಲ್ರಿ ಸಿಸ್ಟರ್” ಎಂದು ದನಿ ತಗ್ಗಿಸಿ ಹೇಳುತ್ತಾರೆ. ಆ ಮನೆಯ ಅತ್ತೆಯೋ ಅಕ್ಕನೋ ನಮ್ಮ ಸಂಘದ ಸದಸ್ಯೆಯೇ ಆಗಿರುತ್ತಾಳೆ. ವಾರದ ಸಭೆಗೆ ಬರುತ್ತಾಳೆ, ಉಳಿತಾಯದ ಹಣ ಕಟ್ಟುತ್ತಾಳೆ. ಆದರೆ ಈ ವಿಷಯ ಮಾತ್ರ ಬಾಯಿ ಬಿಡುವುದಿಲ್ಲ.

ಕೆಲವು ವರ್ಷಗಳ ಹಿಂದೆ ಹುಕ್ಕೇರಿ ತಾಲೂಕಿನ ಒಂದು ಹಳ್ಳಿಯಲ್ಲಿ ಇಂಥ ಒಬ್ಬ ತಂಗಿಯ ಮನೆಗೆ ಹೋಗಿದ್ದೆ. ಅವಳಿಗೆ ಸ್ಕಿಜೋಫ್ರೀನಿಯಾ ಎಂಬ ಕಾಯಿಲೆ. ಎರಡು ವರ್ಷದಿಂದ ಚಿಕಿತ್ಸೆ ನಡೆದಿತ್ತು. ನಾನು ಪುಸ್ತಕ ತೆಗೆದು ಒಂದೊಂದೇ ಕೇಳಿದೆ: “ಗುಳಿಗಿ ತಪ್ಪಸೂದಿಲ್ಲಲ್ಲಾ ತಂಗಿ? ನಿದ್ದಿ ಬರ್ತೈತಿ? ಆ ದನಿ ಈಗೂ ಕೇಳತಾವೇನು?” ಎಲ್ಲದಕ್ಕೂ ಒಳ್ಳೆಯ ಉತ್ತರವೇ ಬಂತು. ನಾನು ಸಮಾಧಾನದಿಂದ ಎದ್ದು ನಿಂತಾಗ ಅವಳು ಕೇಳಿದಳು: “ಗುಳಿಗಿ ತಗೊಂಡು ಮೂಲ್ಯಾಗ ಕುಂಡ್ರತೀನ್ರಿ ಸಿಸ್ಟರ್. ಮುಂದೇನ್ರಿ?”

ಆ ದಿನ ನನ್ನಲ್ಲಿ ಉತ್ತರ ಇರಲಿಲ್ಲ. ಸಮಾಜಕಾರ್ಯದಲ್ಲಿ ಪದವಿ ಪಡೆದ ನಾನು ರೋಗದ ಬಗ್ಗೆ ಕೇಳಿದ್ದೆ, ಬದುಕಿನ ಬಗ್ಗೆ ಕೇಳಿರಲಿಲ್ಲ. ಅವಳ ಆ ಪ್ರಶ್ನೆಗಾಗಿಯೇ ಈ ಲೇಖನ.

ಇದು ಎಂಥ ಕಾಯಿಲೆ?

ಸ್ಕಿಜೋಫ್ರೀನಿಯಾವನ್ನು ಕನ್ನಡದಲ್ಲಿ ಚಿತ್ತವಿಕಲತೆ ಎನ್ನುತ್ತಾರೆ. ಇದು ಮಿದುಳಿನ ಕೆಲಸದಲ್ಲಿ ಏರುಪೇರಾಗಿ ಬರುವ ಕಾಯಿಲೆ. ಯಾರೂ ಇಲ್ಲದಿದ್ದರೂ ಮಾತು ಕೇಳಿಸುವುದು, ಮನೆಯವರೇ ವಿಷ ಹಾಕುತ್ತಾರೆಂಬ ಸಂಶಯ, ಒಬ್ಬರೇ ಮಾತಾಡುವುದು, ನಗುವುದು ಇದರ ಲಕ್ಷಣಗಳು. ಇನ್ನು ಕೆಲವು ಲಕ್ಷಣಗಳು ಕಣ್ಣಿಗೆ ಬೇಗ ಬೀಳುವುದಿಲ್ಲ: ಸ್ನಾನ ಬೇಡ, ಮಾತು ಬೇಡ, ಯಾವ ಕೆಲಸದಲ್ಲೂ ಮನಸ್ಸಿಲ್ಲ. ಇದನ್ನು ನಾವು ಸೋಮಾರಿತನ ಎಂದು ಬೈಯುತ್ತೇವೆ. ಅದು ಸೋಮಾರಿತನವಲ್ಲ, ಕಾಯಿಲೆಯದೇ ಒಂದು ಭಾಗ.

ಹೆಚ್ಚಾಗಿ ಹದಿನೈದರಿಂದ ಮೂವತ್ತರ ವಯಸ್ಸಿನೊಳಗೆ, ಹೆಣ್ಣುಮಕ್ಕಳಿಗೆ ತುಸು ತಡವಾಗಿ ಕಾಣಿಸಿಕೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಈ ಕಾಯಿಲೆ ಇದೆ. ಇದಕ್ಕೆ ಮಾಟ-ಮದ್ದು ಕಾರಣವಲ್ಲ, ತಾಯಿ ಬೆಳೆಸಿದ ರೀತಿಯೂ ಕಾರಣವಲ್ಲ. ವಂಶದ ಗುಣ ಸ್ವಲ್ಪ ಇರುತ್ತದೆ. ಆದರೆ ತಾಯಿಗೋ ತಂದೆಗೋ ಈ ಕಾಯಿಲೆ ಇದ್ದರೂ ಹೆಚ್ಚಿನ ಮಕ್ಕಳಿಗೆ ಅದು ಬರುವುದಿಲ್ಲ. ಗಾಂಜಾ ಸೇವನೆ ಈ ಅಪಾಯವನ್ನು ಹೆಚ್ಚಿಸುತ್ತದೆ.

“ಮದುವೆ ಆಗೂ ತನಕ ಹುಚ್ಚು ಬಿಡೂದಿಲ್ಲ, ಹುಚ್ಚು ಬಿಡೂ ತನಕ ಮದುವೆ ಆಗೂದಿಲ್ಲ” ಎಂಬ ಗಾದೆ ನಮಗೆಲ್ಲ ಗೊತ್ತು. ಗಾದೆ ನಗಲಿಕ್ಕೆ ಸರಿ, ಚಿಕಿತ್ಸೆಗೆ ಸರಿಯಲ್ಲ. ಕಾಯಿಲೆ ಮುಚ್ಚಿಟ್ಟು ಮದುವೆ ಮಾಡಿದರೆ ಹೊಸ ಮನೆಯಲ್ಲಿ ಗುಳಿಗೆ ತಪ್ಪುತ್ತದೆ, ಕಾಯಿಲೆ ತಿರುಗಿ ಬರುತ್ತದೆ, ಎರಡೂ ಮನೆ ಕೆಡುತ್ತವೆ.

ಚಿಕಿತ್ಸೆ ಎಲ್ಲಿ ಸಿಗುತ್ತದೆ?

ಧಾರವಾಡದ ಮಾನಸಿಕ ಆಸ್ಪತ್ರೆ 1845ರಷ್ಟು ಹಳೆಯದು. ಈಗ ಅದರ ಹೆಸರು ಡಿಮ್ಹಾನ್ಸ್. ಆದರೆ ಎಲ್ಲದಕ್ಕೂ ಧಾರವಾಡಕ್ಕೇ ಹೋಗಬೇಕಾಗಿಲ್ಲ. ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ಹತ್ತಿರದಲ್ಲೇ ಕೊಡಬಹುದು ಎಂದು ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಅಲ್ಲಿ 1985ರಲ್ಲಿ ಶುರುಮಾಡಿದ ಕೆಲಸವನ್ನು ನೋಡಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶಕ್ಕೆ ಬಂತು. ಬೆಳಗಾವಿಯ ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ. ಕರ್ನಾಟಕದಲ್ಲಿ ತಾಲೂಕು ಆಸ್ಪತ್ರೆಗಳಿಗೆ ಮನೋರೋಗ ವೈದ್ಯರು ಬರುವ ‘ಮನೋಚೈತನ್ಯ’ ಕಾರ್ಯಕ್ರಮವೂ ಇದೆ. ನಿಮ್ಮ ತಾಲೂಕಿಗೆ ಯಾವ ದಿನ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡು ಹೋಗಿರಿ.

ಗುಳಿಗೆಯಿಂದ ಕೈ ನಡುಗುವುದು, ತೂಕ ಹೆಚ್ಚುವುದು, ಮಂಪರು ಆಗಬಹುದು. ಅದಕ್ಕೆ ಹೆದರಿ ತಾವೇ ನಿಲ್ಲಿಸಬಾರದು. ವೈದ್ಯರಿಗೆ ಹೇಳಿದರೆ ಪ್ರಮಾಣ ಅಥವಾ ಗುಳಿಗೆ ಬದಲಿಸುತ್ತಾರೆ. ದಿನಾ ನುಂಗಲು ಆಗದವರಿಗೆ ಎರಡು ವಾರಕ್ಕೆ ಅಥವಾ ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ ಇದೆ. “ಆರಾಮ ಆಗೇತಿ, ಇನ್ನ್ಯಾಕ ಗುಳಿಗಿ?” ಎಂದು ಬಿಟ್ಟಾಗಲೇ ಕಾಯಿಲೆ ತಿರುಗಿ ಬರುವುದು ಹೆಚ್ಚು.

ಬದುಕಿನ ಗುಣಮಟ್ಟ ಎಂದರೇನು?

ಗುಳಿಗೆ ದನಿಗಳನ್ನು ಅಡಗಿಸುತ್ತದೆ. ಅಷ್ಟಕ್ಕೇ ಬದುಕು ನೆಟ್ಟಗಾಯಿತೆಂದು ಹೇಳಲಾಗದು. ಒಬ್ಬರ ಬದುಕು ಹೇಗಿದೆ ಎಂದು ತಿಳಿಯಲು ವಿಶ್ವ ಆರೋಗ್ಯ ಸಂಸ್ಥೆ 26 ಪ್ರಶ್ನೆಗಳ ಒಂದು ಪಟ್ಟಿ ಮಾಡಿದೆ. ಅದು ನಾಲ್ಕು ಕಡೆಯಿಂದ ಬದುಕನ್ನು ನೋಡುತ್ತದೆ.

1. ದೇಹ: ನಿದ್ದೆ, ಶಕ್ತಿ, ನೋವು, ಕೆಲಸ ಮಾಡುವ ಸಾಮರ್ಥ್ಯ.
2. ಮನಸ್ಸು: ತನ್ನ ಬಗ್ಗೆ ತನಗೆ ಗೌರವ ಇದೆಯೇ, ಬದುಕಿಗೆ ಅರ್ಥ ಕಾಣುತ್ತದೆಯೇ.
3. ಸಂಬಂಧ: ಕಷ್ಟ-ಸುಖ ಹೇಳಿಕೊಳ್ಳಲು ಯಾರಾದರೂ ಇದ್ದಾರೆಯೇ.
4. ಸುತ್ತಲಿನ ಪರಿಸರ: ಮನೆ, ಹಣ, ಭದ್ರತೆ, ಆಸ್ಪತ್ರೆ, ಹೋಗಿ ಬರುವ ಸೌಕರ್ಯ.

ನಾನು ಆ ತಂಗಿಯ ಮನೆಯಲ್ಲಿ ಕೇಳಿದ್ದು ಮೊದಲನೆಯದರ ಅರ್ಧ ಮಾತ್ರ. ಅವಳು ಮನೆಯವರ ಜೊತೆ ಕುಳಿತು ಊಟ ಮಾಡುತ್ತಾಳೋ, ಅವಳ ಕೈಯಲ್ಲಿ ಹತ್ತು ರೂಪಾಯಿ ಇರುತ್ತದೋ, ಜಾತ್ರೆಗೆ ಅವಳನ್ನೂ ಕರೆದುಕೊಂಡು ಹೋಗುತ್ತಾರೋ ಎಂದು ಕೇಳಿರಲಿಲ್ಲ.

ಭರವಸೆ ಹೇಗೆ ಹುಟ್ಟುತ್ತದೆ?

“ಧೈರ್ಯ ತಗೋವಾ, ಎಲ್ಲಾ ಚಲೋ ಆಗತೈತಿ” ಎಂದರೆ ಭರವಸೆ ಬಂದುಬಿಡುವುದಿಲ್ಲ. ಸ್ನೈಡರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಭರವಸೆಗೆ ಮೂರು ಬೇಕು ಎಂದು ತಿಳಿಸಿಕೊಟ್ಟರು: ಒಂದು ಗುರಿ, ಅಲ್ಲಿಗೆ ಹೋಗುವ ದಾರಿ, ‘ನನ್ನಿಂದ ಆದೀತು’ ಎಂಬ ಹುರುಪು. ಸಂಘದ ಸಾಲ ಪಡೆದು ಎಮ್ಮೆ ಕಟ್ಟಿದ ಅಕ್ಕಂದಿರಿಗೆ ಇದು ಹೊಸದಲ್ಲ. ಎಮ್ಮೆ ತರಬೇಕೆಂಬುದು ಗುರಿ. ಉಳಿತಾಯ, ಸಾಲ, ಕಂತು ದಾರಿ. ಪಕ್ಕದಾಕಿ ತೀರಿಸಿದಳು, ನಾನೂ ತೀರಿಸಬಲ್ಲೆ ಎಂಬುದು ಹುರುಪು.

ಮತ್ತೊಮ್ಮೆ ಹೋದಾಗ ಆ ತಂಗಿಯನ್ನು ಕೇಳಿದೆ: “ನಿನಗ ಏನ್ ಮಾಡಬೇಕನಸತೈತಿ?” ಬಹಳ ಹೊತ್ತು ಸುಮ್ಮನಿದ್ದು ಹೇಳಿದಳು: “ಮೊದಲ ಡೇರಿಗೆ ಹಾಲು ಹಾಕಾಕ ನಾನ ಹೋಗ್ತಿದ್ದೆನ್ರಿ. ಈಗ ಕ್ಯಾನ್ ಮುಟ್ಟಾಕ ಕೊಡೂದಿಲ್ಲ.” ಅತ್ತೆಗೆ ಭಯ, ಹಾಲು ಚೆಲ್ಲಿಯಾಳು, ಜನ ನಕ್ಕಾರು ಎಂದು. ಮೂವರೂ ಕುಳಿತು ಮಾತಾಡಿದೆವು. ಮೊದಲು ಅತ್ತೆಯ ಜೊತೆ ಹೋಗುವುದು, ಆಮೇಲೆ ಸಂಘದ ಪಕ್ಕದ ಮನೆಯ ಅಕ್ಕನ ಜೊತೆ, ಆಮೇಲೆ ಒಬ್ಬಳೇ. ನಡುವೆ ಒಮ್ಮೆ ನಿದ್ದೆ ಕೆಟ್ಟು, ಸಂಶಯ ಹೆಚ್ಚಾಗಿ, ತಿಂಗಳು ನಿಂತೇ ಹೋಯಿತು. ಮತ್ತೆ ಶುರುವಾಯಿತು. ಈಗಲೂ ಅವಳು ಮಾತು ಕಡಿಮೆ. ಆದರೆ ಹಾಲಿನ ಲೆಕ್ಕದ ಪುಸ್ತಕ ಅವಳ ಕೈಯಲ್ಲಿದೆ.

ಎಲ್ಲರೂ ಪೂರ್ತಿ ಗುಣವಾಗುತ್ತಾರೆಂದು ನಾನು ಹೇಳುವುದಿಲ್ಲ. ಹಲವರಿಗೆ ಬಹಳ ಸುಧಾರಿಸುತ್ತದೆ, ಕೆಲವರಿಗೆ ದನಿಗಳು ಸ್ವಲ್ಪ ಉಳಿದೇ ಇರುತ್ತವೆ. ದನಿ ಉಳಿದರೂ ಬದುಕು ಕಟ್ಟಿಕೊಳ್ಳಬಹುದು.

ಊರಿನವರೇ ಆಸರೆಯಾದಾಗ

ಗೋವಾ, ಸಾತಾರಾ ಮತ್ತು ತಮಿಳುನಾಡಿನಲ್ಲಿ ಈ ಕಾಯಿಲೆಯ 282 ಜನರ ಮೇಲೆ ನಡೆದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ವೈದ್ಯರಲ್ಲದ, ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರು ಮನೆಗೆ ಹೋಗಿ ಬೆಂಬಲ ಕೊಟ್ಟವರಲ್ಲಿ, ಬರೀ ಆಸ್ಪತ್ರೆಯ ಚಿಕಿತ್ಸೆ ಪಡೆದವರಿಗಿಂತ ತುಸು ಹೆಚ್ಚು ಸುಧಾರಣೆ ಕಂಡುಬಂತು. ಚಿಕಿತ್ಸೆ ಬಿಟ್ಟು ಬೆಂಬಲ ಅಲ್ಲ, ಚಿಕಿತ್ಸೆಯ ಜೊತೆಗೆ ಬೆಂಬಲ ಎಂಬುದನ್ನು ಮರೆಯಬೇಡಿರಿ.

ಕಟ್ಟಿಹಾಕುವುದಂತೂ ಬೇಡವೇ ಬೇಡ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ ಮಾನಸಿಕ ಅಸ್ವಸ್ಥರು ಓಡಲಾಗದೆ 28 ಜನ ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಸರಕಾರಿ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು ಎಂದೂ ಹೇಳಿದೆ.

ನಮ್ಮ ಸಂಘ ಏನು ಮಾಡಬಹುದು?

• ‘ಹುಚ್ಚಿ’, ‘ಹುಚ್ಚ’ ಎನ್ನದೆ ಹೆಸರು ಹಿಡಿದು ಕರೆಯಿರಿ. ಮದುವೆ, ಸೀಮಂತ, ಜಾತ್ರೆಗೆ ಅವರನ್ನೂ ಕರೆಯಿರಿ.
• ಆಸ್ಪತ್ರೆಯ ದಿನ ಮನೆಯವರಿಗೆ ಬಿಡುವಿಲ್ಲದಿದ್ದರೆ ಒಬ್ಬ ಸದಸ್ಯೆ ಜೊತೆಗೆ ಹೋಗಿರಿ.
• ಸಣ್ಣ ಕೆಲಸ ಕೊಡಿರಿ: ಶೇಂಗಾ ಸುಲಿಯುವುದು, ಮೇವು ಹಾಕುವುದು, ರೊಟ್ಟಿ ಬಡಿಯುವುದು. ತಪ್ಪಾದರೆ ನಗಬೇಡಿರಿ. ದುಡಿದದ್ದಕ್ಕೆ ಕೂಲಿ ಅವರ ಕೈಗೇ ಕೊಡಿರಿ.
• ಆರಾಮಾದವರನ್ನು ಸಂಘದ ಸದಸ್ಯರನ್ನಾಗಿ ಸೇರಿಸಿಕೊಳ್ಳಿರಿ.
• ನಿದ್ದೆ ಕೆಟ್ಟರೆ, ಊಟ ಬಿಟ್ಟರೆ, ಸಂಶಯ ಹೆಚ್ಚಾದರೆ ಕಾಯದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.
• “ಸಾಯತೀನಿ” ಎಂದರೆ ಹಗುರಾಗಿ ತಗೋಬೇಡಿರಿ. ಒಬ್ಬರನ್ನೇ ಬಿಡಬೇಡಿರಿ, ಬೆಳೆಗೆ ಹೊಡೆಯುವ ಎಣ್ಣೆ ಕೀಲಿ ಹಾಕಿಡಿರಿ. 14416 ಟೆಲಿ-ಮಾನಸ್ ಸಂಖ್ಯೆಗೆ ಹಗಲು-ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನು ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.
• 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಶೇಕಡಾ 40 ಅಥವಾ ಹೆಚ್ಚು ಎಂದು ವೈದ್ಯರ ಪ್ರಮಾಣಪತ್ರ ಸಿಕ್ಕರೆ ಗುರುತಿನ ಚೀಟಿಗೆ, ಮಾಸಾಶನಕ್ಕೆ ಅರ್ಜಿ ಹಾಕಬಹುದು. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಿರಿ.
• ಆರೈಕೆ ಮಾಡುವ ಅವ್ವನನ್ನೂ ಕೇಳಿರಿ: “ನೀ ಉಂಡೇನು? ನೀ ಮಲಗಿದೇನು?”

ಮುಂದಿನ ಸಭೆಯಲ್ಲಿ ಚರ್ಚಿಸಿರಿ:

1. ನಮ್ಮ ಓಣಿಯಲ್ಲಿ ಇಂಥ ಕಾಯಿಲೆಯವರು ಇರುವ ಮನೆಗೆ ನಾವು ಕೊನೆಗೆ ಹೋಗಿದ್ದು ಯಾವಾಗ?
2. ಅವರಿಗೆ ಏನು ಮಾಡಬೇಕು ಅನ್ನಿಸುತ್ತದೆ ಎಂದು ಯಾರಾದರೂ ಅವರನ್ನೇ ಕೇಳಿದ್ದೇವೆಯೇ?
3. ಈ ತಿಂಗಳು ಅದರಲ್ಲಿ ಒಂದಕ್ಕೆ ದಾರಿ ಮಾಡಿಕೊಡಲು ನಮ್ಮಲ್ಲಿ ಯಾರು ಜೊತೆಗೆ ನಿಲ್ಲುತ್ತಾರೆ?

“ಮುಂದೇನ್ರಿ?” ಎಂಬ ಪ್ರಶ್ನೆಗೆ ಉತ್ತರ ಔಷಧದ ಅಂಗಡಿಯಲ್ಲಿ ಸಿಗುವುದಿಲ್ಲ. ಅದನ್ನು ಅವರ ಜೊತೆ ಕುಳಿತು ನಾವೇ ಹುಡುಕಬೇಕು.